ನಲವತ್ತೊಂದು ಜನ ಒಪ್ಪಿದ ನನ್ನ ಅಭಿಪ್ರಾಯ

೨೦೦೬ರ ನನ್ನ ದಿನಚರಿಯಲ್ಲಿ ಪ್ರತಿ ಪುಟದ ಬಲಬದಿಗೆ ನಾಲ್ಕು ಅಂಕಣಗಳಿವೆ. ಎದ್ದ ಹೊತ್ತು, ಓದಿದ ಪುಟಗಳು, ಕಲಿತ ಜಪಾನಿ ಅಕ್ಷರಗಳು, ಬರೆದ ಅಭಿಪ್ರಾಯಗಳು. ಮೊದಲ ಮೂರನ್ನು ಯಾರಿಗೆ ಬೇಕಾದರೂ ತೋರಿಸಬಲ್ಲೆ. ನಾಲ್ಕನೆಯದನ್ನು ಎರಡು ವರ್ಷದ ಮೇಲೆ ಈಗ ತೆರೆದು ನೋಡುವಾಗಲೂ ಕೋಣೆಯಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತೇನೆ.

ಆಗ ನನಗೆ ಇಪ್ಪತ್ತು. ವಿಜಾಪುರದಿಂದ ಬಂದು ಪುಣೆಯ ಖಡಕಿಯಲ್ಲಿ ಕಾಕಾನ, ಅಂದರೆ ಚಿಕ್ಕಪ್ಪನ, ಮನೆಯಲ್ಲಿದ್ದೆ. ಬೆಳಿಗ್ಗೆ ಶಿವಾಜಿನಗರದಲ್ಲಿ ಬಿ.ಕಾಂ. ಕಾಲೇಜು, ಸಂಜೆ ಅಲ್ಲೇ ಹತ್ತಿರ ಜಪಾನಿ ಭಾಷೆಯ ತರಗತಿ. ಪುಣೆಯಲ್ಲಿ ಆ ಭಾಷೆ ಬಂದವರಿಗೆ ಕಾರ್ಖಾನೆಗಳಲ್ಲಿ ದುಭಾಷಿ ಕೆಲಸ ಸಿಗುತ್ತದೆಂದು ಯಾರಿಂದಲೋ ಕೇಳಿ ಕಾಕಾನೇ ನನ್ನನ್ನು ಸೇರಿಸಿದ್ದರು. ದಿನಾಲು ಜಪಾನಿನ ಸುದ್ದಿ ಓದಿರಿ ಎಂದು ಶಿಕ್ಷಕಿ ಹೇಳಿದ್ದರಿಂದ ತರಗತಿಗೆ ಮೊದಲು ಒಂದು ಸೈಬರ್ ಕೆಫೆಯಲ್ಲಿ ಅರ್ಧ ಗಂಟೆ ಕೂರುತ್ತಿದ್ದೆ. ಜಪಾನಿನ ಮತ್ತು ಬೇರೆ ದೇಶಗಳ ಸುದ್ದಿಯನ್ನು ಇಂಗ್ಲಿಷಿನಲ್ಲಿ ಕೊಡುವ ತಾಣವೊಂದಿತ್ತು. ಪ್ರತಿ ಸುದ್ದಿಯ ಕೆಳಗೆ ಓದುಗರು ತಮ್ಮ ಅಭಿಪ್ರಾಯ ಬರೆಯಬಹುದು. ಅದನ್ನು ಒಪ್ಪಿದವರು ಒಂದು ಗುಂಡಿ ಒತ್ತುತ್ತಾರೆ, ಎಷ್ಟು ಜನ ಒಪ್ಪಿದರೆಂದು ಪಕ್ಕದಲ್ಲಿ ಸಂಖ್ಯೆ ಏರುತ್ತದೆ.

ನಾನು ಸುದ್ದಿ ಓದುವುದನ್ನು ಬೇಗ ಮುಗಿಸಿ ಕೆಳಗಿನ ಜಗಳಕ್ಕೆ ಇಳಿಯುತ್ತಿದ್ದೆ. ಜಪಾನಿನ ಶಾಲೆಯೊಂದರಲ್ಲಿ ಮಕ್ಕಳೇ ಶೌಚಾಲಯ ತೊಳೆಯುತ್ತಾರೆ ಎಂದು ಸುದ್ದಿ ಬಂದರೆ, ಕೆನಡಾದವನೊಬ್ಬ ಇದೇ ನಿಜವಾದ ಶಿಕ್ಷಣ ಎನ್ನುತ್ತಿದ್ದ. ಇನ್ನೊಬ್ಬ ಇದು ಪುಕ್ಕಟೆ ದುಡಿಮೆ ಎನ್ನುತ್ತಿದ್ದ. ಹನ್ನೆರಡು ವರ್ಷದಿಂದ ಒಸಾಕಾದಲ್ಲಿದ್ದೇನೆ ಎಂದು ಪ್ರತಿ ಸಲವೂ ಹೇಳಿಕೊಳ್ಳುವ ಒಬ್ಬ ಇಂಗ್ಲಿಷ್ ಮಾಸ್ತರ ಬಂದು ನಿಮಗಿಬ್ಬರಿಗೂ ಜಪಾನ್ ಗೊತ್ತಿಲ್ಲ ಎನ್ನುತ್ತಿದ್ದ. ಜನವರಿಯಿಂದ ಆಗಸ್ಟ್‌ವರೆಗೆ ನಾನು ಬರೆದ ಅಭಿಪ್ರಾಯಗಳು ನೂರಾ ತೊಂಬತ್ತಾರು. ‘ನಮ್ಮ ದೇಶದಲ್ಲಾದರೆ’ ಎಂದು ಆರಂಭಿಸಿದವುಗಳಿಗೆ ಸರಾಸರಿ ಒಂಬತ್ತು ಒಪ್ಪಿಗೆ, ಉಳಿದವುಗಳಿಗೆ ಎರಡು. ಈ ಲೆಕ್ಕ ತೆಗೆದ ದಿನದಿಂದ ಬೇರೆ ರೀತಿ ಆರಂಭಿಸುವುದನ್ನೇ ಬಿಟ್ಟೆ.

ಕಾಕಾ ಪುಣೆಯಿಂದ ದೂರ, ದೌಂಡ್ ನಿಲ್ದಾಣದ ಹತ್ತಿರದ ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಹಾಜರಿ ಗುಮಾಸ್ತರಾಗಿದ್ದರು. ಬೆಳಗಿನ ಪಾಳಿ ಎಂಟಕ್ಕೆ. ಎಂಟೂ ಕಾಲಿಗೆ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯಬೇಕು. ಗೆರೆಯ ಕೆಳಗೆ ಸಹಿ ಮಾಡಿದವರು ತಡವಾಗಿ ಬಂದವರು. ತಿಂಗಳಲ್ಲಿ ಮೂರು ಸಲ ಗೆರೆಯ ಕೆಳಗೆ ಬಿದ್ದರೆ ಅರ್ಧ ದಿನದ ಪಗಾರ ಹೋಗುತ್ತದೆ. ಕೂಲಿಯವರಲ್ಲಿ ಹೆಚ್ಚಿನವರು ಯಾದಗಿರಿ ಕಡೆಯಿಂದ ಬಂದು ರೈಲು ದಾರಿಯ ಊರುಗಳಲ್ಲಿ ನೆಲೆಸಿದವರು, ದೌಂಡಿನವರೆಗೆ ಪ್ಯಾಸೆಂಜರ್ ಗಾಡಿಯಲ್ಲಿ ಬರುವವರು. ಆ ಗಾಡಿ ತಡವಾದ ದಿನ ಕಾಕಾನಿಗೆ ಕೆಂಪು ಪೆನ್ನು ಸಿಗುತ್ತಿರಲಿಲ್ಲ. ಕಿಸೆ ನೋಡುವುದು, ಡ್ರಾವರ್ ಎಳೆಯುವುದು, ಕನ್ನಡಕ ಒರೆಸುವುದು, ಮತ್ತೆ ಕಿಸೆ ನೋಡುವುದು. ಊಟಕ್ಕೆ ಕೂತಾಗ ಅದನ್ನೆಲ್ಲ ಅಭಿನಯಿಸಿ ತೋರಿಸುತ್ತಿದ್ದರು.

“ಇವತ್ತ ಸಾಹೇಬ್ರು ಬಂದು ಎದುರಿಗೇ ನಿಂತ್ರು. ಪೆನ್ನು ಕಿವಿ ಮ್ಯಾಲೇ ಅದ! ನಾ ಟೇಬಲ್ ಕೆಳಗ ಹೊಕ್ಕು ಹುಡುಕಾಕತ್ತೀನಿ.”

“ನಿಮ್ಮ ಹೊಟ್ಟಿಗೆ ಟೇಬಲ್ ಕೆಳಗ ಜಾಗಾ ಎಲ್ಲಿ ಸಿಕ್ತರಿ?” ಎಂದು ಅವರ ಹೆಂಡತಿ, ನಮ್ಮ ಕಾಕು, ನಗುತ್ತಿದ್ದರು.

ನಾನೂ ನಗುತ್ತಿದ್ದೆ. ಆಮೇಲೆ ದಿನಚರಿಯಲ್ಲಿ ಬರೆಯುತ್ತಿದ್ದೆ: ‘ಗಾಡಿ ತಡ. ಗೆರೆ ೨೩ ನಿಮಿಷ ತಡ.’ ಯಾವ ಉದ್ದೇಶವೂ ಇರಲಿಲ್ಲ. ಸಂಖ್ಯೆ ಕಿವಿಗೆ ಬಿದ್ದರೆ ಬರೆದಿಡುವುದು ನನ್ನ ಚಾಳಿ.

ಆಗಸ್ಟ್ ಕೊನೆಯ ವಾರದಲ್ಲಿ ಒಂದು ಸುದ್ದಿ ಬಂತು. ಜಪಾನಿನ ಸಣ್ಣ ನಿಲ್ದಾಣವೊಂದರಲ್ಲಿ ರೈಲು ಕೆಲವು ನಿಮಿಷ ತಡವಾಗಿತ್ತು. ಸ್ಟೇಷನ್ ಮಾಸ್ತರ ಬಾಗಿಲಲ್ಲಿ ನಿಂತು ಪ್ರತಿಯೊಬ್ಬರಿಗೂ ತಲೆಬಾಗಿ ಒಂದೊಂದು ಚೀಟಿ ಕೊಟ್ಟಿದ್ದ. ರೈಲು ತಡವಾಗಿತ್ತು ಎಂದು ಬರೆದ ಆ ಚೀಟಿಯನ್ನು ಕೆಲಸದ ಜಾಗದಲ್ಲಿ ತೋರಿಸಿದರೆ ಹಾಜರಿ ಕಡಿಯುವುದಿಲ್ಲ. ಕೆಳಗೆ ಓದುಗರು ಆಗಲೇ ಹೊಡೆದಾಡುತ್ತಿದ್ದರು. ಇವರು ಮನುಷ್ಯರೋ ಗಡಿಯಾರಗಳೋ ಎಂದು ಒಬ್ಬ. ನಮ್ಮ ರೈಲ್ವೆಯವರನ್ನು ಅಲ್ಲಿಗೆ ತರಬೇತಿಗೆ ಕಳಿಸಿ ಎಂದು ಇನ್ನೊಬ್ಬ. ನಾನು ಬರೆದೆ:

‘ನಮ್ಮ ದೇಶದಲ್ಲಾದರೆ ತಡವಾದದ್ದಕ್ಕೆ ಯಾರೂ ತಲೆಬಾಗುವುದಿಲ್ಲ. ಇಲ್ಲಿ ಒಂದು ಕಾರ್ಖಾನೆಯ ಹಾಜರಿ ಗುಮಾಸ್ತನೇ ಕೆಂಪು ಪೆನ್ನು ಕಳೆದುಹೋದಂತೆ ನಾಟಕ ಮಾಡಿ, ತಡವಾಗಿ ಬಂದವರನ್ನು ಒಳಗೆ ಬಿಟ್ಟುಕೊಳ್ಳುತ್ತಾನೆ. ಇಂಥವರಿಂದಲೇ ನಾವು ಹೀಗಿದ್ದೇವೆ.’

ಒಸಾಕಾದ ಮಾಸ್ತರ ಉತ್ತರ ಕೊಟ್ಟ: ‘ಇಂಥ ಕಥೆಯನ್ನು ಯಾರು ಬೇಕಾದರೂ ಕಟ್ಟಬಹುದು. ಪುರಾವೆ ಇದೆಯೇ?’

ಪುರಾವೆ! ಕೇಳಿದ್ದು ನನ್ನನ್ನು! ಮರುದಿನ ದಿನಚರಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಗೆರೆ ತಡವಾದ ಹನ್ನೊಂದು ತಾರೀಖುಗಳನ್ನೂ ಪ್ರತಿಯೊಂದರ ಎದುರು ನಿಮಿಷಗಳನ್ನೂ ಟೈಪ್ ಮಾಡಿದೆ. ಕುರಕುಂಭ ಎಂದು ಬರೆದೆ. ಬಣ್ಣಕ್ಕೆ ಬೇಕಾದ ಕಚ್ಚಾ ಸಾಮಗ್ರಿ ಮಾಡುವ ಕಾರ್ಖಾನೆ ಎಂದೂ ಬರೆದೆ. ವಿದೇಶದವರಿಗೆ ಕುರಕುಂಭ ಎಲ್ಲಿ ಗೊತ್ತು, ಊರಿನ ಹೆಸರಿದ್ದರೆ ಮಾತು ನಿಜವೆನಿಸುತ್ತದೆ, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಮಾಸ್ತರ ಸುಮ್ಮನಾದ. ಮೂರು ದಿನದಲ್ಲಿ ನಲವತ್ತೊಂದು ಜನ ಒಪ್ಪಿದರು. ಅಷ್ಟು ಒಪ್ಪಿಗೆ ನನಗೆ ಹಿಂದೆಂದೂ ಬಂದಿರಲಿಲ್ಲ. ದಿನಚರಿಯಲ್ಲಿ ಆ ಸಂಖ್ಯೆಯ ಸುತ್ತ ಚೌಕ ಹಾಕಿದ್ದೇನೆ. ಆ ಸಂಜೆ ಕಾಕಾನ ಎದುರಿಗೇ ಕೂತು ಊಟ ಮಾಡಿದೆ. ಏನೂ ಅನಿಸಲಿಲ್ಲ.

ಸೆಪ್ಟೆಂಬರ್ ೧೪ರ ಸಂಜೆ ಕಾಕಾ ಬೂಟು ಬಿಚ್ಚದೆ ಒಳಗೆ ಬಂದು ಎರಡು ಹಾಳೆಗಳನ್ನು ನನ್ನ ಮುಂದಿಟ್ಟರು. ಮೊದಲನೆಯದು ಕಾರಣ ಕೇಳಿ ಕಾರ್ಖಾನೆ ಕೊಟ್ಟ ಮೆಮೊ. ಎರಡನೆಯದರ ಮೇಲೆ ಆ ತಾಣದ ಹೆಸರು ಕಂಡಿತು. ಮುಂದಿನ ತಿಂಗಳು ಜಪಾನಿನ ಖರೀದಿದಾರರು ಕಾರ್ಖಾನೆ ನೋಡಲು ಬರುವವರಿದ್ದರು. ಅವರಲ್ಲೊಬ್ಬರು ಬರುವ ಮೊದಲು ಕುರಕುಂಭದ ಬಗ್ಗೆ ಕಂಪ್ಯೂಟರಿನಲ್ಲಿ ಹುಡುಕಿದ್ದಾರೆ, ಈ ಪುಟ ಸಿಕ್ಕಿದೆ, ಇದು ನಿಮ್ಮಲ್ಲಿ ನಡೆದದ್ದೇ ಎಂದು ಕೇಳಿ ಕಳಿಸಿದ್ದಾರೆ.

“ತಮ್ಮಾ, ಮೆಮೊ ತಿಳೀತು. ಈ ಎರಡನೇ ಹಾಳ್ಯಾಗಿನ ಇಂಗ್ಲಿಷ್ ಭಾಳ ಬಿರುಸದ. ಓದಿ ಹೇಳು.”

ನಾನು ಬರೆದದ್ದನ್ನು ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಒಂದು ಸಾಲನ್ನು ಹಾರಿಸಿದೆ. ಕಾಕಾನ ಬೆರಳು ಅಲ್ಲೇ ಬಂತು.

“ಈ ಸಾಲು ಬಿಟ್ಟಿ ನೋಡು.”

“ಇಂಥವರಿಂದಲೇ ನಾವು ಹೀಗಿದ್ದೇವೆ ಅಂತ ಬರದದರಿ.”

“ಹಿಂಗ ಅಂದ್ರ ಹ್ಯಾಂಗ?”

ಅಡಿಗೆಮನೆಯಿಂದ ಕಾಕು ಲಟ್ಟಣಿಗೆ ಹಿಡಿದುಕೊಂಡೇ ಬಂದರು. “ಯಾವ ಭಾಡ್ಯಾ ಬರದಾನ್ರಿ ಇದನ್ನ? ಬರದ ಕೈಗೆ ಹುಳಾ ಬೀಳ್ಲಿ!” ಎಂದು ಶಪಿಸಿದರು. ಸ್ವಲ್ಪ ಹೊತ್ತಿಗೆ ಅದೇ ಕೈಗೆ ಬಿಸಿ ಚಪಾತಿ ಕೊಟ್ಟು, ಇನ್ನೊಂದು ಹಾಕಲೇ ಎಂದು ಕೇಳಿದರು.

ಕಾಕಾ ಹಾಳೆಯನ್ನು ಬಿಡಲಿಲ್ಲ. “ತಾರೀಖ ಒಂದೂ ತಪ್ಪಿಲ್ಲ. ಇಷ್ಟು ಶಿಸ್ತಿನ ಮನಷ್ಯಾ ನಮ್ಮಲ್ಲಿ ಯಾರಿದ್ದಾನ?” ಎಂದು ತಮಗೆ ತಾವೇ ಕೇಳಿಕೊಂಡರು. ಮತ್ತೆ ಅವರೇ ಹೇಳಿದರು. “ಸ್ಟೋರಿನಾಂವಾ. ಪೆನ್ನಿನ ಮಾತು ಅವಗಷ್ಟ ಹೇಳೀನಿ ನಾ. ಬ್ಯಾರೆ ಯಾರಿಗೂ ಹೇಳಿಲ್ಲ.”

ಕಾರ್ಖಾನೆಯ ಸ್ಟೋರಿನ ಗುಮಾಸ್ತರು ಅಕ್ಕಲಕೋಟೆ ಕಡೆಯವರು, ಮನೆ ಖಡಕಿಯ ಪಕ್ಕದ ದಾಪೋಡಿಯಲ್ಲಿ. ಹನ್ನೊಂದು ವರ್ಷದಿಂದ ಸಿಬ್ಬಂದಿ ಬಸ್ಸಿನಲ್ಲಿ ಕಿಟಕಿ ಸೀಟು ಕಾಕಾನದು, ಪಕ್ಕದ್ದು ಅವರದು. ಬೇರೆ ಯಾರಿಗೂ ಹೇಳಿಲ್ಲ ಎಂದಾಗ ಕಾಕಾ ಮನೆಯವರನ್ನು ಎಣಿಸಿರಲಿಲ್ಲ. ನಾನು ಆಗಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಮೆಮೊಗೆ ಉತ್ತರ ಬರೆಯುವ ಕೆಲಸವೂ ನನಗೇ ಬಂತು. ಕರ್ತವ್ಯದಲ್ಲಿ ಲೋಪವಾಯಿತು, ಕ್ಷಮಿಸಬೇಕು ಎಂದು ಎರಡು ವಾಕ್ಯ ಬರೆದು ಓದಿ ಹೇಳಿದೆ. ಕಾಕಾ ಕೈ ಅಡ್ಡ ಮಾಡಿದರು.

“ಹಂಗ ಬ್ಯಾಡ. ತಡಾ ಆದದ್ದು ಗಾಡಿ, ಮಂದಿ ಅಲ್ಲ. ಅವ್ರು ಸ್ಟೇಷನ್‌ದಾಗ ಹೊತ್ತಿಗೆ ಮೊದಲ ನಿಂತಿರ್ತಾರ. ಗಾಡಿ ತಡಾ ಆತು ಅಂತ ಅವ್ರ ಕೈಯಾಗ ಒಂದು ಚೀಟಿ ಬರದು ಕೊಡವ್ರು ಯಾರದಾರ? ಯಾರೂ ಇಲ್ಲ. ಅದಕ್ಕ ನಾ ಒಂದೀಟು ನಿಂತೆ. ಅಷ್ಟ ಬರಿ.”

ಕಾಕಾನಿಗೆ ಜಪಾನಿನ ಆ ಸುದ್ದಿ ಗೊತ್ತಿರಲಿಲ್ಲ. ನಾನು ಅವರಿಗೆ ಓದಿ ಹೇಳಿದ್ದು ನನ್ನ ಅಭಿಪ್ರಾಯವನ್ನಷ್ಟೆ. ಅದು ಯಾವ ಸುದ್ದಿಯ ಕೆಳಗಿತ್ತೆಂದು ಹೇಳಿರಲಿಲ್ಲ. ಅಲ್ಲಿ ಸ್ಟೇಷನ್ ಮಾಸ್ತರ ಚೀಟಿ ಕೊಟ್ಟಿದ್ದೂ ಇದಕ್ಕೇ, ತಮ್ಮದಲ್ಲದ ತಪ್ಪಿಗೆ ದುಡಿಯುವವರ ಹಾಜರಿ ಹೋಗಬಾರದೆಂದು. ಸುದ್ದಿಯ ಕೆಳಗೆ ನಾವೆಲ್ಲ ಗಡಿಯಾರದ ಬಗ್ಗೆ ಜಗಳವಾಡಿದೆವು. ಚೀಟಿ ಯಾರಿಗಾಗಿ ಎಂದು ನಾನು ಕೇಳಿಕೊಂಡಿರಲಿಲ್ಲ. ನಲವತ್ತೊಂದು ಜನವೂ ಕೇಳಿಕೊಂಡಂತೆ ಕಾಣಲಿಲ್ಲ. ಕಾಕಾ ಹೇಳಿದಂತೆಯೇ ಬರೆದುಕೊಟ್ಟೆ.

ಉಪಯೋಗವಾಗಲಿಲ್ಲ. ಕಾಕಾನನ್ನು ಲಾರಿ ತೂಗುವ ಕಾಟಾದ ಕ್ಯಾಬಿನ್ನಿಗೆ ಹಾಕಿದರು. ಹಾಜರಿ ಪುಸ್ತಕಕ್ಕೆ ಹೊಸಬನೊಬ್ಬ ಬಂದ. ಅವನ ಗೆರೆ ಎಂಟೂ ಕಾಲಿಗೆ ಸರಿಯಾಗಿ ಬೀಳುತ್ತಿತ್ತು. “ಇವತ್ತ ಗೆರಿ ಕೆಳಗ ಹದಿನಾಕ ಮಂದಿ,” ಎಂದು ಕಾಕಾ ಒಂದು ದಿನ ಹೇಳಿದರು. ಅಭಿನಯವೇನೂ ಇರಲಿಲ್ಲ. ನಾನು ಸೈಬರ್ ಕೆಫೆಗೆ ಹೋಗಿ ಆ ಅಭಿಪ್ರಾಯವನ್ನು ಅಳಿಸಲು ನೋಡಿದೆ. ಅಳಿಸುವ ಗುಂಡಿಯೇ ಇರಲಿಲ್ಲ. ತಾಣದವರಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಅಷ್ಟರಲ್ಲಿ ಇನ್ನೂ ಮೂವರು ಒಪ್ಪಿದ್ದರು.

ಬಸ್ಸಿನಲ್ಲಿ ಕಾಕಾ ಸೀಟು ಬದಲಿಸಿದರು. ಸ್ಟೋರಿನವರ ಮಾತಿಗೆ ಉತ್ತರ ಕೊಡುವುದನ್ನು ನಿಲ್ಲಿಸಿದರು. ಅಕ್ಟೋಬರ್ ಮೊದಲ ವಾರದ ಒಂದು ಸಂಜೆ ಸ್ಟೋರಿನವರೇ ತಮ್ಮ ಮಗಳ ನಿಶ್ಚಿತಾರ್ಥಕ್ಕೆ ಕರೆಯಲು ಹೆಂಡತಿಯೊಂದಿಗೆ ಮನೆಗೆ ಬಂದರು. ಕಾಕಾ ಒಳಕೋಣೆಯಿಂದ ಹೊರಗೆ ಬರಲಿಲ್ಲ. ಕಾಕು ಕುಂಕುಮ ಹಚ್ಚಿಸಿಕೊಂಡು, ಅವರಿಗೆ ಮೈಯಾಗ ಆರಾಮಿಲ್ಲ ಎಂದು ಸುಳ್ಳು ಹೇಳಿದರು. ಸ್ಟೋರಿನವರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ನನ್ನನ್ನು ಕೇಳಿದರು: “ನಿಮ್ಮ ಕಾಕಾಗ ನನ್ನ ಮ್ಯಾಲೆ ಏನರ ಸಿಟ್ಟದ ಏನಪಾ?”

“ಗೊತ್ತಿಲ್ರಿ,” ಎಂದೆ.

ಮೆಮೊ ಬಂದ ಇಪ್ಪತ್ನಾಲ್ಕನೆಯ ದಿನ, ಅಕ್ಟೋಬರ್ ೮, ಭಾನುವಾರ ಬೆಳಿಗ್ಗೆ ಕಾಕಾನ ಮುಂದೆ ದಿನಚರಿ ಇಟ್ಟು ಹೇಳಿದೆ. “ಕಾಕಾ, ಅದು ಸ್ಟೋರಿನವ್ರು ಬರದದ್ದಲ್ರಿ. ನಾ ಬರದದ್ದು.”

ಅವರು ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ಪುಟಗಳನ್ನು ಒಂದೊಂದಾಗಿ ತಿರುವಿದರು. “ಊಟದಾಗ ಹೇಳಿದ್ದೆಲ್ಲಾ ಬರದಿಟ್ಟೀಯಲ್ಲೋ,” ಎಂದರು. “ನಗೂ ಮಾತಿಗೂ ತಾರೀಖ ಹಾಕೀದಿ.”

ಕಾಕಾ ಕನ್ನಡಕ ತೆಗೆದರು.

“ಅದನ್ನ ಕಂಪ್ಯೂಟರ್‌ದಾಗ ಯಾಕ ಹಾಕಿದಿ?”

“ಮಂದಿ ಒಪ್ತಾರಂತ, ಕಾಕಾ.”

“ಯಾವ ಮಂದಿ?”

“ಗೊತ್ತಿಲ್ರಿ.”

ಕಾಕಾ ದಿನಚರಿ ಮುಚ್ಚಿ ನನ್ನ ಕೈಗೆ ಕೊಟ್ಟರು. “ಅಂಗಿ ಹಾಕ್ಕೊ. ದಾಪೋಡಿಗೆ ಹೋಗೂಣು.”

ಅಲ್ಲಿ ಎಲ್ಲವನ್ನೂ ನನ್ನ ಬಾಯಿಂದಲೇ ಹೇಳಿಸುತ್ತಾರೆಂದು ತಿಳಿದು, ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಾ ನಡೆದೆ. ಸ್ಟೋರಿನವರು ಬನಿಯನ್ನಿನಲ್ಲೇ ಬಾಗಿಲು ತೆಗೆದು ನಮ್ಮನ್ನು ಮಂಚದ ಮೇಲೆ ಕೂರಿಸಿದರು. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಕಾಕಾ ಶುರುಮಾಡಿದ್ದರು.

“ತಪ್ಪು ನಂದದ. ನಿನ್ನ ಮ್ಯಾಲೆ ಸಂಶಯಾ ಪಟ್ಟೆ. ಮಾತು ನನ್ನ ಮನ್ಯಾಗಿಂದನ ಹೊರಗ ಹೋಗೇದ. ನನ್ನ ಬಾಯಿ ಸುಮ್ಮನಿರಂಗಿಲ್ಲ.”

“ಅಷ್ಟಕ್ಕ ಇಷ್ಟು ದಿನಾ ಮಾತು ಬಿಟ್ಟಿ ಏನೋ ಮಾರಾಯಾ!” ಎಂದು ಅವರು ನಕ್ಕರು. “ಆದ್ರ ಚಲೋ ಆತು ಬಿಡು. ಬಸ್ಸಿನ್ಯಾಗ ಕಿಡಕಿ ಸೀಟು ನನಗ ಸಿಕ್ತು.”

ಚಹಾ ಬಂತು. ಯಾರು ಹೊರಗೆ ಒಯ್ದರೆಂದು ಅವರು ಕೇಳಲಿಲ್ಲ, ಕಾಕಾ ಹೇಳಲಿಲ್ಲ. ನಾನು ಜೋಡಿಸಿಕೊಂಡು ಬಂದ ವಾಕ್ಯಗಳು ಬಾಯಲ್ಲೇ ಇದ್ದವು. ಸ್ಟೋರಿನವರು ಚಹಾದ ಬಸಿಯನ್ನು ನನ್ನ ಕಡೆ ಸರಿಸಿ ಹೇಳಿದರು:

“ನೀ ಓದಿದ ಹುಡುಗ ಇದ್ದಿ. ನಿಮ್ಮ ಕಾಕಾ ಭೋಳೇ ಮನಷ್ಯಾ. ಅವನ ಮುಂದ ಯಾರ್ ಕುಂತು ಮಾತು ತಗೀತಾರ, ಒಂದೀಟು ನಿಗಾ ಇಡಪಾ.”

“ಹೂಂ ರೀ,” ಎಂದೆ.

ಕಾಕಾ ಚಹಾ ಮುಗಿಸಿ ಎದ್ದರು.