ಸೊನ್ನೆ–ಸೊನ್ನೆ ಒಲ್ಲದ ಊರು

ಹಾವೇರಿ ಜಿಲ್ಲೆಗೆ ಫುಟ್‌ಬಾಲ್ ತಂಡ ಕಟ್ಟಿದವನು ನಾನು ಎಂದು ಈಗ ಯಾರಿಗಾದರೂ ಹೇಳಿದರೆ, "ಹೌದೇನ್ರಿ? ನಮ್ಮಲ್ಲಿ ಅಂಥಾದ್ದೊಂದು ಇತ್ತೇನ್ರಿ?" ಎಂದು ನಗುತ್ತಾರೆ. ಇತ್ತು ಮಾರಾಯ, ಇತ್ತು. ನಾಲ್ಕು ವರ್ಷ ಇತ್ತು. ಅದನ್ನು ಕೊಂದವರು ನಮ್ಮವರೇ, ಅದೂ ಪ್ರೀತಿಯಿಂದ ಕೊಂದರು. ಅದಕ್ಕೇ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ದ್ವೇಷದಿಂದ ಕೊಂದಿದ್ದರೆ ಎದುರು ನಿಂತು ಬೈಯಬಹುದಿತ್ತು.

ನಾನು ರಾಣೆಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಹುಟ್ಟಿದ್ದು ಕುಪ್ಪೇಲೂರಿನಲ್ಲಿ. ನಮ್ಮ ಕಡೆ ಆಟ ಎಂದರೆ ಕುಸ್ತಿ, ಅದು ಬಿಟ್ಟರೆ ಕಬಡ್ಡಿ, ಈಗಿನವರಿಗೆ ಕ್ರಿಕೆಟ್. ಧಾರವಾಡದಲ್ಲಿ ಕಾಲೇಜು ಓದುವಾಗ ಹಾಸ್ಟೆಲಿನ ಗೆಳೆಯರಿಂದ ನನಗೆ ಫುಟ್‌ಬಾಲಿನ ಹುಚ್ಚು ಹತ್ತಿತು. ಟೀವಿಯಲ್ಲಿ ದೊಡ್ಡ ದೇಶಗಳ ಆಟ ನೋಡಲು ನನಗೆ ಅಷ್ಟು ಮನಸ್ಸಿರಲಿಲ್ಲ. ನಕಾಶೆಯಲ್ಲಿ ಬೆರಳಿಟ್ಟು ಹುಡುಕಬೇಕಾದ ಪುಟ್ಟ ದೇಶ ಯಾವುದಾದರೂ ಆಡುತ್ತಿದ್ದರೆ ಊಟ ಬಿಟ್ಟು ನೋಡುತ್ತಿದ್ದೆ. ಅಂಥ ತಂಡದಲ್ಲಿ ಮೀನು ಹಿಡಿಯುವವನೂ ಇರುತ್ತಾನೆ, ಅಂಗಡಿ ಇಟ್ಟವನೂ ಇರುತ್ತಾನೆ. ಅವರು ಎದುರಿನ ಕೋಟ್ಯಧೀಶರ ಜೊತೆ ಓಟಕ್ಕೆ ಬೀಳುವುದಿಲ್ಲ. ತಮ್ಮ ಗೋಲಿನ ಮುಂದೆ ಗೋಡೆ ಕಟ್ಟಿ ನಿಲ್ಲುತ್ತಾರೆ. ಬಾಲು ಬೇಕಾದರೆ ಪೂರ್ತಿ ಹೊತ್ತು ಅವರ ಹತ್ತಿರವೇ ಇರಲಿ, ಒಳಗೆ ಮಾತ್ರ ಬರಬಾರದು. ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಆಟ ಅದು. ಸೊನ್ನೆ–ಸೊನ್ನೆ ಆದ ದಿನ ಆ ದೇಶದ ಜನ ಬೀದಿಗೆ ಬಂದು ಕುಣಿಯುತ್ತಾರೆ. ನಮ್ಮ ಜಿಲ್ಲೆಯೂ ಇಂಥದೇ ಒಂದು ಪುಟ್ಟ ದೇಶವಲ್ಲವೇ ಎಂದು ನನ್ನ ತಲೆಯೊಳಗೆ ಹೊಕ್ಕಿತು. ಹೊಕ್ಕಿದ್ದು ಹೊರಗೆ ಹೋಗಲಿಲ್ಲ.

ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಪ್ಯಾಕಿಂಗ್ ಮಾಡುತ್ತಿದ್ದ ನಮ್ಮೂರಿನವನೇ ಒಬ್ಬ ಕ್ಯಾಪ್ಟನ್ ಆದ. ಎತ್ತರದ ಆಳು, ಕಬಡ್ಡಿಯಲ್ಲಿ ಪಳಗಿದವನು, ಮಾತಿಗೆ ಮುಂಚೆ ನಗುವವನು. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲನೊಬ್ಬ ಗೋಲ್‌ಕೀಪರ್ ಆದ. ಅವನು ಕ್ಯಾಪ್ಟನ್ನಿಗೆ ತದ್ವಿರುದ್ಧ, ಕೇಳಿದ್ದಕ್ಕೆ ಅಷ್ಟೇ ಉತ್ತರ. ಉಳಿದವರಲ್ಲಿ ಹಮಾಲರು, ಆಟೋ ಓಡಿಸುವವರು, ಹೊಲದ ಕೆಲಸದವರು. ಇವರನ್ನೆಲ್ಲ ಸಾಕಿದವರು ಬ್ಯಾಡಗಿಯ ಒಬ್ಬ ದೊಡ್ಡ ಮೆಣಸಿನಕಾಯಿ ವ್ಯಾಪಾರಿ. ವಯಸ್ಸಿನಲ್ಲಿದ್ದಾಗ ಕುಸ್ತಿ ಆಡಿದವರು, ಊರೆಲ್ಲ ಅವರನ್ನು ಪೈಲವಾನರು ಎಂದೇ ಕರೆಯುತ್ತಿತ್ತು. ಕೋಲ್ಡ್ ಸ್ಟೋರೇಜಿನ ಹಿಂದಿದ್ದ ತಮ್ಮ ಬಯಲನ್ನು ನಮಗೆ ಬಿಟ್ಟುಕೊಟ್ಟರು. ಬೂಟು, ಬಾಲು, ಹಾಲು, ಮೊಟ್ಟೆ ಎಲ್ಲ ಅವರದೇ. ಸುಳ್ಳು ಯಾಕೆ ಹೇಳಲಿ, ಆ ಹುಡುಗರನ್ನು ಅವರಷ್ಟು ಹಚ್ಚಿಕೊಂಡವರು ಇನ್ನೊಬ್ಬರಿರಲಿಲ್ಲ.

ಮೊದಲ ವರ್ಷ ನಮ್ಮ ಮೇಲೆ ಬಿದ್ದ ಗೋಲುಗಳನ್ನು ಎಣಿಸಲು ನನಗೆ ನಾಚಿಕೆ. ಬಾಲು ಎಲ್ಲಿ ಹೋದರೆ ನಮ್ಮವರೆಲ್ಲ ಅಲ್ಲಿ, ಬೆಲ್ಲಕ್ಕೆ ನೊಣ ಮುತ್ತಿದ ಹಾಗೆ. ಬೈದೆ, ಕೂಗಿದೆ, ಗಂಟಲು ಕೆಟ್ಟಿತು. ಕೊನೆಗೆ ಚೀಲ ಹೊಲಿಯುವ ಸುತಳಿಯನ್ನು ಹುರಿಗೊಳಿಸಿ, ಕ್ಯಾಪ್ಟನ್ನೂ ಸೇರಿ ಹಿಂದೆ ನಿಲ್ಲುವ ನಾಲ್ವರ ಸೊಂಟಕ್ಕೆ ಸಾಲಾಗಿ ಕಟ್ಟಿದೆ. ಒಬ್ಬ ಬಲಕ್ಕೆ ಸರಿದರೆ ನಾಲ್ವರೂ ಸರಿಯಬೇಕು. ಒಬ್ಬ ಆಸೆಬಿದ್ದು ಮುಂದೆ ಓಡಿದರೆ ಉಳಿದ ಮೂವರು ಮುಗ್ಗರಿಸಬೇಕು. ಬಯಲಿನ ಪಕ್ಕದ ದಾರಿಯಲ್ಲಿ ಹೋಗುವವರಿಗೆಲ್ಲ ಇದೊಂದು ತಮಾಷೆ ಆಯಿತು.

"ಏನ್ ಮಾಸ್ತರ, ಎತ್ತು ಕಟ್ಟಿದಂಗ ಕಟ್ಟೀರಲ್ರಿ! ರಾಶಿ ತುಳಿಸಾಕ ಹಂತಿ ಹೊಡ್ಯಾಕತ್ತೀರೇನು?" ಎಂದು ಒಬ್ಬ ಗಾಡಿ ನಿಲ್ಲಿಸಿ ಕೇಳಿದ.

"ಹೌದಪಾ. ಕಾಳು ಬಂದಾಗ ನಿನಗೂ ಒಂದ್ ಸೇರು ಕೊಡ್ತೇನಿ, ಈಗ ಸುಮ್ನ ಹಾದಿ ಹಿಡಿ" ಎಂದೆ.

ಕಾಳು ಬಂತು. ಪೇಟೆಯಲ್ಲಿ ಮೆಣಸಿನಕಾಯಿ ಹರಾಜಿನ ಟೆಂಡರ್ ಇದ್ದ ದಿನ ಹಮಾಲರು ಬರುವಂತಿರಲಿಲ್ಲ, ಸೀಸನ್ನಿನಲ್ಲಿ ಮೆಣಸಿನಕಾಯಿ ಘಾಟಿಗೆ ಎಲ್ಲರೂ ಕೆಮ್ಮುತ್ತಲೇ ಓಡುತ್ತಿದ್ದರು, ಆದರೂ ಬಂತು. ಸುತಳಿ ಬಿಚ್ಚಿದ ಮೇಲೂ ನಾಲ್ವರು ಕಟ್ಟಿದವರ ಹಾಗೆಯೇ ಸರಿಯತೊಡಗಿದರು. ರಾಶಿ ಗೋಲುಗಳಿಂದ ಸೋಲುತ್ತಿದ್ದವರು ಒಂದು ಗೋಲಿನಿಂದ ಸೋತರು, ಆಮೇಲೆ ಸೋಲುವುದನ್ನೇ ಬಿಟ್ಟರು. ಜಿಲ್ಲೆ ಜಿಲ್ಲೆಗಳ ನಡುವೆ ನಡೆಯುವ ಒಂದು ಪಂದ್ಯಾವಳಿಯಲ್ಲಿ ಎರಡು ಗುಂಪುಗಳಿದ್ದವು. ಮೂರನೆಯ ವರ್ಷ ನಾವು ಕೆಳಗಿನ ಗುಂಪಿನಿಂದ ಮೇಲಿನ ಗುಂಪಿಗೆ ಹತ್ತಿದೆವು. ಆ ದಿನ ನಾನು ಕಣ್ಣೀರು ಹಾಕಿದೆ. ಹೆಂಡತಿ "ಮಗಳ ಮದುವ್ಯಾಗೂ ಹಿಂಗ ಅಳಲಿಲ್ಲಲ್ರಿ" ಎಂದು ಕಾಡಿಸಿದಳು.

ಆದರೆ ಊರಿಗೆ ಸಮಾಧಾನವಿರಲಿಲ್ಲ. ಮೇಲಿನ ಗುಂಪಿನ ಮೊದಲ ಪಂದ್ಯ ಆಡಿ ರೈಲಿಳಿದಾಗ ಬ್ಯಾಡಗಿ ಸ್ಟೇಶನ್ನಿನಲ್ಲಿ ಪೈಲವಾನರು ಕಾಯುತ್ತಿದ್ದರು.

"ಏನಾತ್ರಿ ಮಾಸ್ತರ?"

"ಸಮ ಆತ್ರಿ. ಸೊನ್ನೆ–ಸೊನ್ನೆ."

"ಸಮ ಅಂದ್ರ? ಗೆದ್ದವರು ಯಾರು?"

"ಯಾರೂ ಇಲ್ರಿ. ಅಂಥಾ ಟೀಮಿನ ಜೋಡಿ ಸಮ ಮಾಡಿದ್ರ ನಮಗ ಗೆದ್ದಂಗರಿ."

ಅವರು ಹುಣಸೆಹಣ್ಣು ತಿಂದವರಂತೆ ಮುಖ ಮಾಡಿದರು. "ಥೂ, ಹಂಗಂದ್ರೇನ್ರಿ? ಕುಸ್ತಿ ನಿಕಾಲಿ ಆಗಬೇಕ್ರಿ. ಯಾರದರ ಒಬ್ಬರ ಬೆನ್ನು ಮಣ್ಣಿಗೆ ಹತ್ತಬೇಕು. ಬೇಕಾದ್ರ ನಮ್ಮ ಬೆನ್ನ ಹತ್ತಲಿ, ಆದ್ರ ಹತ್ತಬೇಕು!"

ನಿಕಾಲಿ ಎಂದರೆ ನಮ್ಮ ಕಡೆ ಸೋಲು ಗೆಲುವು ತೀರ್ಮಾನವಾಗುವವರೆಗೆ ಬಿಡದ ಕುಸ್ತಿ. ಜೋಡಿಯನ್ನು ಬಿಡಿಸಿ ಇಬ್ಬರ ಕೈಯನ್ನೂ ಎತ್ತಿದರೆ ಸುತ್ತ ಕುಂತವರು ಸಿಳ್ಳೆ ಹಾಕುತ್ತಾರೆ, ಒಳಗೊಳಗೇ ಮಾತಾಡಿಕೊಂಡಿದ್ದಾರೆ ಎಂದು ಉಗಿಯುತ್ತಾರೆ. ಚೆನ್ನಾಗಿ ಸೋತವನಿಗೆ ಹಾರ ಹಾಕುತ್ತಾರೆ, ಸಮ ಮಾಡಿದವನಿಗೆ ಚಹಾ ಕೂಡ ಕೇಳುವುದಿಲ್ಲ. ಅಂಥ ಜನರ ನಡುವೆ ನಾನು ಸೊನ್ನೆ–ಸೊನ್ನೆ ಹೊತ್ತುಕೊಂಡು ಬರುತ್ತಿದ್ದೆ. ಆ ವರ್ಷ ಮತ್ತೆ ಮತ್ತೆ ಹೊತ್ತು ತಂದೆ. ನಡುನಡುವೆ ಒಂದೆರಡು ಸೋತೆವು. ಪೇಟೆಯಲ್ಲಿ ಹಮಾಲರನ್ನು ಜೊತೆಯವರೇ ಛೇಡಿಸುತ್ತಿದ್ದರಂತೆ: "ಏನಲೇ, ಬಾಗಲಾ ಹಾಕ್ಕೊಂಡು ಒಳಗ ಕುಂತಿದ್ರಂತ?"

ಕೊನೆಯ ಪಂದ್ಯದ ಹೊತ್ತಿಗೆ ವಿಷಯ ಕುತ್ತಿಗೆಗೆ ಬಂದಿತ್ತು. ಮೇಲಿನ ಗುಂಪಿನಲ್ಲಿ ಕಡೆಗೆ ಬಂದವರು ಕೆಳಗಿಳಿಯಬೇಕು. ಆದರೆ ಕೆಳಗಿನ ಗುಂಪನ್ನೇ ಮುಂದಿನ ವರ್ಷದಿಂದ ತೆಗೆದುಹಾಕುವುದಾಗಿ ಪಂದ್ಯಾವಳಿ ನಡೆಸುವವರು ಹೇಳಿಬಿಟ್ಟಿದ್ದರು. ಅಂದರೆ ಇಳಿದವರಿಗೆ ನಿಲ್ಲಲು ಮೆಟ್ಟಿಲೇ ಇಲ್ಲ. ಪಂದ್ಯ ಹಾವೇರಿಯಲ್ಲಿ, ದೊಡ್ಡ ಊರಿನ ಬಲಾಢ್ಯ ತಂಡದ ಎದುರು. ಸಮ ಮಾಡಿಕೊಂಡರೆ ಸಾಕು, ಉಳಿಯುತ್ತೇವೆ. ಸೋತರೆ ತಂಡವೇ ಇಲ್ಲ. ಆ ವಾರವೆಲ್ಲ ಹುಡುಗರಿಗೆ ಇದನ್ನೇ ಹೇಳಿದೆ. ಸಮ ಅಂದರೆ ಗೆದ್ದಂತೆ, ಸಮ ಅಂದರೆ ಗೆದ್ದಂತೆ ಎಂದು ಜಪ ಮಾಡಿದೆ. ಪೈಲವಾನರ ಅಂಗಡಿಗೆ ಹೋಗಿ ಅವರಿಗೂ ಬಿಡಿಸಿ ಹೇಳಿದೆ.

"ತಿಳೀತ್ ಬಿಡ್ರಿ ಮಾಸ್ತರ. ನಾ ಏನ್ ಸಣ್ಣ ಕೂಸೇನು?" ಎಂದರು.

ಪಂದ್ಯದ ದಿನ ಬ್ಯಾಡಗಿಯಿಂದ, ರಾಣೆಬೆನ್ನೂರಿನಿಂದ ಟೆಂಪೋ ಕಟ್ಟಿಕೊಂಡು ಜನ ಬಂದಿದ್ದರು. ಹಲಗಿ ಬಾರಿಸುವವರೂ ಬಂದಿದ್ದರು. ಮೈದಾನದ ಒಂದು ಬದಿಗೆ ಪೆಂಡಾಲ್, ಅದರಲ್ಲಿ ಪೈಲವಾನರು ಮತ್ತು ಹಿರಿಯರು, ಮುಂದೆ ಮೈಕು. ಮೊದಲ ಅರ್ಧದಲ್ಲಿ ನಮ್ಮವರು ಆಡಿದ ಆಟ ನನ್ನ ಜೀವನದಲ್ಲಿ ನಾನು ನೋಡಿದ ಅತಿ ಚಂದದ ಆಟ. ಬಾಲು ಪೂರ್ತಿ ಅವರದೇ. ಎಡದಿಂದ ಬಂದರು, ನಡುವಿನಿಂದ ಬಂದರು, ಎಲ್ಲಿ ಬಂದರೂ ನಮ್ಮ ನಾಲ್ವರು ಸಾಲಾಗಿ ಎದುರು. ಅವರ ಕೋಚ್ ನೀರಿನ ಬಾಟಲಿ ನೆಲಕ್ಕೆ ಎಸೆದ. ಅದನ್ನು ನೋಡಿ ನನಗೆ ಹಬ್ಬದ ಊಟ ಉಂಡಷ್ಟು ಸಂತೋಷವಾಯಿತು.

ಜನರಿಗೆ ಆಗಲಿಲ್ಲ. "ಮುಂದ ಹೋಗ್ರಲೇ! ಬಳಿ ತೊಟ್ಟೀರೇನು?" ಎಂದು ಗೇಲಿ ಶುರುವಾಯಿತು. ಎರಡನೆಯ ಅವಧಿಯೂ ಅರ್ಧ ದಾಟಿತ್ತು. ಇನ್ನು ಸ್ವಲ್ಪ ಹೊತ್ತು, ಅಷ್ಟೇ. ಆಗ ಮೈಕು ಕರಕರ ಎಂದಿತು.

ಕುಸ್ತಿ ಕಣದಲ್ಲಿ ಜೋಡಿ ಬಹಳ ಹೊತ್ತು ಹಿಡಿದಾಡಿದರೆ, ಹುರುಪು ತುಂಬಲು ಯಾರಾದರೂ ಹಿರಿಯರು ಮೈಕಿನಲ್ಲಿ ಬಹುಮಾನ ಕೂಗುವುದು ನಮ್ಮ ಕಡೆಯ ರೂಢಿ. ಪೈಲವಾನರು ಎದ್ದು ನಿಂತಿದ್ದರು. "ಈಗ ಯಾರ್ ಗೋಲ್ ಹೊಡೀತಾರೋ, ಆ ನನ್ನ ಹುಲಿಗೆ ನನ್ನ ಕಡೆಯಿಂದ ಬೆಳ್ಳಿ ಕಡಗ!"

ಹಲಗಿಗಳು ಮೊಳಗಿದವು. ಬೆನ್ನಿಗೇ ಇನ್ನೊಬ್ಬರು ರೇಷ್ಮೆ ರುಮಾಲು ಕೂಗಿದರು. ಮತ್ತೊಬ್ಬರು ಟಗರು ಎಂದರು. ನಾನು "ಬ್ಯಾಡ್ರಿ! ಪೈಲವಾನರ, ಕೈ ಮುಗೀತೇನಿ, ಬ್ಯಾಡ್ರಿ!" ಎಂದು ಗೆರೆಯ ಗುಂಟ ಪೆಂಡಾಲಿನ ಕಡೆ ಓಡಿದೆ. ನಾನೂ ಹುರುಪಿನಿಂದ ಓಡುತ್ತಿದ್ದೇನೆ ಎಂದುಕೊಂಡು ಅವರು ನನಗೆ ಕೈ ಬೀಸಿದರು.

ತಿರುಗಿ ನೋಡುವಷ್ಟರಲ್ಲಿ ನಾಲ್ವರಲ್ಲಿ ಎಡಗಡೆಯವನು ಮುಂದೆ ಹೋಗಿದ್ದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಕ್ಯಾಪ್ಟನ್, ಕಡೆಗೆ ಉಳಿದವನೂ. ನಾಲ್ಕು ವರ್ಷ ಬೆವರು ಸುರಿಸಿ ಕಲಿಸಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಕ್ಯಾಪ್ಟನ್ ದೂರದಿಂದ ಹೊಡೆದ ಬಾಲು ಗೋಲಿನ ಮೇಲ್ಗಂಬಕ್ಕೆ ಧಡ್ ಎಂದು ಬಡಿಯಿತು. ಮೈದಾನವೆಲ್ಲ ಎದ್ದು ನಿಂತು ಕೂಗಿತು. ಆ ಕೂಗು ಇಳಿಯುವ ಮೊದಲೇ ಅದೇ ಬಾಲು ಆಚೆಯಿಂದ ಒಂದೇ ಒದೆಗೆ ನಮ್ಮ ಕಡೆ ಬಂತು. ಅವರು ಇಬ್ಬರು, ನಮ್ಮವನು ಒಬ್ಬನೇ, ಗೋಲ್‌ಕೀಪರ್ ಹಮಾಲ. ಮೊದಲ ಹೊಡೆತವನ್ನು ಎದೆಗೊಟ್ಟು ತಡೆದ. ಬಿದ್ದವನು ಏಳುವ ಮೊದಲೇ ಎರಡನೆಯವನು ಬಾಲನ್ನು ಒಳಗೆ ತಳ್ಳಿದ. ತಳ್ಳಿದ ಅಷ್ಟೇ, ಹೊಡೆಯುವ ಅಗತ್ಯವೂ ಇರಲಿಲ್ಲ. ಸೀಟಿ ಊದುವವರೆಗೆ ಇನ್ನೇನೂ ಆಗಲಿಲ್ಲ.

ಸೋತೆವು. ತಂಡ ಹೋಯಿತು. ನಮ್ಮ ಜನ ಏನು ಮಾಡಿದರು? ಚಪ್ಪಾಳೆ ತಟ್ಟಿದರು! "ಇದೀಗ ಆಟ ಅಂದ್ರ ನೋಡ್ರಿ!" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಪೆಂಡಾಲಿಗೆ ಹುಡುಗರನ್ನು ಕರೆದು ಹಾರ ಹಾಕಿದರು. ಗೋಲು ಹೊಡೆಯದಿದ್ದರೂ ಕಂಬಕ್ಕೆ ಬಡಿದನಲ್ಲ ಎಂದು ಪೈಲವಾನರು, ಮನೆಯಿಂದ ತಂದಿದ್ದ ತಮ್ಮದೇ ಹಳೆಯ ಕಡಗವನ್ನು ಕ್ಯಾಪ್ಟನ್ ಕೈಗೆ ತೊಡಿಸಿದರು. ಅವರ ಕಣ್ಣಲ್ಲಿ ನೀರಿತ್ತು. "ಜಟ್ಟಿ ಕೆಳಗ ಬಿದ್ದರೂ ಮೀಸಿ ಮಣ್ಣಾಗಲಿಲ್ಲ" ಎಂದು ಮೈಕಿನಲ್ಲಿ ಹೇಳಿದರು. ಯಾರೋ ಅಣಕಿಸಲು ಕಟ್ಟಿದ ಗಾದೆಯನ್ನು ಇವರು ಹೊಗಳಿಕೆಗೆ ಬಳಸಿದರು, ಜನ ಅದಕ್ಕೂ ತಟ್ಟಿದರು. ಗೋಲ್‌ಕೀಪರನನ್ನು ಯಾರೂ ಕರೆಯಲಿಲ್ಲ. "ಗೋಲ್ ಬಿಟ್ಟಾಂವ ಅಂವನಲ್ಲೇನು?" ಎಂದು ಯಾರೋ ಅಂದದ್ದು ನನ್ನ ಕಿವಿಗೆ ಬಿತ್ತು. ಜಾಗ ಬಿಟ್ಟು ಕದಲದೆ ನಿಂತವನು ಅವನೊಬ್ಬನೇ.

ನನಗೆ ತಡೆಯಲಾಗಲಿಲ್ಲ. ಮೈಕು ಕಸಿದುಕೊಂಡೆ. "ಹಾರ ಯಾಕ ಹಾಕ್ತೀರಿ? ಈ ಟೀಮು ಇವತ್ತಿಗೆ ಸತ್ತೋತು. ಸಮ ಮಾಡಿದ್ರ ಉಳೀತಿತ್ತು. ಕೊಂದವರು ನೀವ, ಈ ಪೆಂಡಾಲಿನ್ಯಾಗ ಕುಂತವರು. ನಿಮ್ಮ ನಿಕಾಲಿಗೆ ಬೆಂಕಿ ಬೀಳಲಿ!" ಎಂದೆ.

ಪೈಲವಾನರು ನಕ್ಕು, "ಮಾಸ್ತರಿಗೆ ಸೋತ ಸಂಕಟ. ಗುರು ಅಂದ್ರ ಹಿಂಗಿರಬೇಕು" ಎಂದು ನನಗೊಂದು ಶಾಲು ಹೊದಿಸಿದರು. ಜನ ನನಗೂ ಚಪ್ಪಾಳೆ ತಟ್ಟಿದರು.

ಪೆಂಡಾಲಿನ ಹಿಂದೆ ಬಂದು ಶಾಲು ಕಿತ್ತು ಕುರ್ಚಿಯ ಮೇಲೆ ಒಗೆದೆ. ಕ್ಯಾಪ್ಟನ್ ಹಿಂದೆಯೇ ಬಂದ. ಮುಖದಲ್ಲಿ ಆ ನಗು ಇನ್ನೂ ಪೂರ್ತಿ ಆರಿರಲಿಲ್ಲ.

"ಸರ, ಖರೇನರಿ? ಇನ್ನ ಮ್ಯಾಚ್ ಇಲ್ಲೇನ್ರಿ?"

"ಇಲ್ಲ."

"ಮುಂದಿನ ವರ್ಷನೂ?"

"ಇಲ್ಲೋ ಮಾರಾಯ. ಇಡೀ ವಾರ ಬಡ್ಕೊಂಡೆ. ಸಮ ಮಾಡಿದ್ರ ಗೆದ್ದಂಗ ಅಂತ ಹೇಳಿದ್ನಿಲ್ಲೋ?"

ಅವನು ನನ್ನನ್ನೇ ನೋಡಿದ. ನಗು ಹೋಯಿತು. "ಹೇಳಿದ್ರಿ ಸರ. ನಮಗ ಗೆಲ್ಲಾಕ ಆಗೂದಿಲ್ಲಂತ ಸಮಾಧಾನಕ್ಕ ಹೇಳ್ತೀರಿ ಅಂದ್ಕೊಂಡಿದ್ದೆ. ನೀವು ಅದನ್ನ ಖರೇ ಹೇಳಾಕತ್ತೀರಿ ಅಂತ ನಮಗ ಯಾರಿಗೂ ಗೊತ್ತಿರಲಿಲ್ರಿ."

ನಾಲ್ಕು ವರ್ಷ ಜೊತೆಗಿದ್ದ ಹುಡುಗ. ಆ ವರ್ಷದಿಂದ ಈಚೆಗೆ ನಮ್ಮ ಜಿಲ್ಲೆಯಿಂದ ಫುಟ್‌ಬಾಲ್ ತಂಡ ಎಲ್ಲಿಗೂ ಹೋಗಿಲ್ಲ.