ಮಾಮನ ಎಡಗೈಗೆ ಗಿಟಾರು ಕೊಟ್ಟದ್ದು

ನನ್ನ ಸೋದರಮಾವನಿಗೆ ಲಕ್ವ ಹೊಡೆದಾಗ ಬಲಗೈ ಹೋಯಿತು, ಮಾತು ಮುಕ್ಕಾಲು ಹೋಯಿತು, ಬೈಗುಳ ಮಾತ್ರ ಒಂದೂ ಹೋಗಲಿಲ್ಲ. ನೀರು ಬೇಕಾದರೆ "ನೀ... ನೀ..." ಎಂದು ತಡಕಾಡುವವನು, ತರುವುದು ತಡವಾದರೆ "ಹಲ್ಕಟ್" ಎಂದು ಸ್ಪಷ್ಟವಾಗಿ, ಒತ್ತಕ್ಷರ ಸಮೇತ ಹೇಳುತ್ತಿದ್ದ. ಹೀಗಾಗುವುದುಂಟು ಎಂದರು ಡಾಕ್ಟರು. ಅವನ ಹೆಂಡತಿ, ಅಂದರೆ ನನ್ನ ಅತ್ತೆ, "ಮೊದ್ಲೂ ಅಷ್ಟ ಮಾತಾಡ್ತಿದ್ರು ಬಿಡ್ರಿ, ಏನೂ ಕಮ್ಮಿ ಆಗಿಲ್ಲ" ಅಂದಳು.

ಮಾಮನಿಗೆ ಮಾತಿನ ಚಿಂತೆ ಇರಲಿಲ್ಲ. ಇದ್ದದ್ದು ಸೋಮವಾರದ ಭಜನೆಯ ಚಿಂತೆ. ಕೋಗಳಿಯಲ್ಲಿ ಅವನ ಓಣಿಯ ಗುಡಿಯಲ್ಲಿ ಪ್ರತಿ ಸೋಮವಾರ ಸಂಜೆ ಭಜನೆ. ಹಾರ್ಮೋನಿಯಂ ಇಟ್ಟುಕೊಂಡು ಮುಂದೆ ಕೂರುವವನು ಮಾಮ, ಉಳಿದವರು ಅವನ ಹಿಂದೆ. ಈಗ ಆ ಜಾಗದಲ್ಲಿ ಅವನ ಶಿಷ್ಯ, ಹರಪನಹಳ್ಳಿಯಿಂದ ಓಣಿಯ ಇನ್ನೊಂದು ಮನೆಗೆ ಬಂದ ಮನೆಯಳಿಯ, ಕೂರುತ್ತಿದ್ದ. ಒಳ್ಳೆಯ ಕಂಠ, ಆದರೆ ಕೊನೆಯ ಬಸ್ಸು ತಪ್ಪುತ್ತದೆ ಎಂಬಂತೆ ಹಾಡು ಮುಗಿಸುತ್ತಿದ್ದ. ಮಾಮ ಮನೆಯ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡು ಬೈಯುತ್ತಿದ್ದ. ಗುಡಿಗೆ ಕಾಲಿಡುತ್ತಿರಲಿಲ್ಲ. ಮುಂದೆ ಕೂರಲಾಗದಿದ್ದರೆ ಹೋಗುವುದೇ ಬೇಡ ಎಂಬ ಹಟ. ಊಟ ಕೂಡ ಕಡಿಮೆಯಾಗುತ್ತ ಬಂದಿತ್ತು. ಅದು ನನಗೆ ಹೆದರಿಕೆ ತಂದಿತು.

ಎಡಗೈಗೆ ಒಂದು ಕೀಬೋರ್ಡ್ ಕೊಟ್ಟು ನೋಡಿದೆ. ಆದರೆ ಇಷ್ಟು ವರ್ಷ ಆ ಕೈ ಮಾಡಿದ್ದು ಒಂದೇ ಕೆಲಸ, ಹಾರ್ಮೋನಿಯಂನ ತಿದಿ ಒತ್ತುವುದು. ಸ್ವರ ಹುಡುಕುವುದು ಬಲಗೈಯ ಖಾತೆ ಎಂದು ಅದು ಎಂದೋ ತೀರ್ಮಾನಿಸಿಬಿಟ್ಟಿತ್ತು. ಕೋಳಿ ತಿಪ್ಪೆ ಕೆದಕಿದ ಹಾಗೆ ಕೀಲಿಗಳನ್ನು ಕೆದಕಿ, ಮಾಮ ಕೀಬೋರ್ಡನ್ನು ಪಕ್ಕಕ್ಕೆ ತಳ್ಳಿದ.

ನಾನು ಹಗರಿಬೊಮ್ಮನಹಳ್ಳಿಯಲ್ಲಿ ಭೌತಶಾಸ್ತ್ರ ಕಲಿಸುವವಳು. ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರು ಬಾರಿಸುತ್ತೇನೆ. ಮದುವೆಯಾಗದ ಹೆಂಗಸಿಗೆ ಹೀಗೇನಾದರೂ ಆಗಿಯೇ ಆಗುತ್ತದೆ ಎಂದು ನೆರೆಹೊರೆಯವರು ಕ್ಷಮಿಸಿದ್ದಾರೆ. ಗಿಟಾರಿನ ಜೊತೆ ಒಂದು ಮಾಡ್ಯುಲರ್ ಸಿಂಥಸೈಜರ್ ಕೂಡ ಇದೆ. ಅದೊಂದು ಪೆಟ್ಟಿಗೆ, ಅದರೊಳಗೆ ಬಿಡಿ ಬಿಡಿ ಘಟಕಗಳು. ಒಂದು ಸದ್ದು ಹುಟ್ಟಿಸುತ್ತದೆ, ಒಂದು ಅದನ್ನು ಏರಿಸಿ ಇಳಿಸುತ್ತದೆ, ಇನ್ನೊಂದು ಯಾವ ಸ್ವರದ ನಂತರ ಯಾವುದು ಎಂದು ನೆನಪಿಡುತ್ತದೆ. ಯಾವುದಕ್ಕೆ ಯಾವುದನ್ನು ಜೋಡಿಸಬೇಕೆಂದು ವೈರು ಚುಚ್ಚಿ ನಾವೇ ಹೇಳಬೇಕು. ಎರಡನ್ನೂ ಹೊತ್ತು ಕೋಗಳಿಗೆ ಬಂದಿಳಿದಾಗ ಅತ್ತೆ ಒಮ್ಮೆ ಪೆಟ್ಟಿಗೆಯನ್ನು, ಒಮ್ಮೆ ನನ್ನನ್ನು ನೋಡಿದಳು.

"ಏನವ್ವಾ ಇದು, ಕರೆಂಟ್ ಆಫೀಸ್‌ನ ಕಿತ್ಕೊಂಡು ಬಂದೀಯೇನು?"

ನನ್ನ ಯೋಚನೆ ಸರಳವಾಗಿತ್ತು. ಭಜನೆಯ ಸ್ವರಗಳನ್ನು ಪೆಟ್ಟಿಗೆಯ ಗುಂಡಿಗಳಲ್ಲಿ ಸಾಲಾಗಿ ಕೂರಿಸುವುದು. ಮಾಮ ತೊಡೆಯ ಮೇಲಿನ ಗಿಟಾರಿನ ತಂತಿಯನ್ನು ಎಡಗೈಯಿಂದ ಒಮ್ಮೆ ಹೊಡೆದರೆ ಪೆಟ್ಟಿಗೆ ಒಂದು ಸ್ವರ ಮುಂದೆ ಹೋಗಬೇಕು. ಸಾಲು ಮುಗಿದರೆ ಮತ್ತೆ ಮೊದಲಿನಿಂದ. ನಮ್ಮ ಭಜನೆಗೆ ಅಷ್ಟು ಸಾಕು, ಪಲ್ಲವಿ ಬಿಟ್ಟು ಬೇರೇನೂ ಯಾರಿಗೂ ನೆನಪಿರುವುದಿಲ್ಲ.

ಗಿಟಾರಿನ ವೈರನ್ನು ನೇರವಾಗಿ ಪೆಟ್ಟಿಗೆಗೆ ಚುಚ್ಚಿದೆ. ಪೆಟ್ಟಿಗೆ ತಾಲ್ಲೂಕು ಕಚೇರಿಯ ಗುಮಾಸ್ತನ ಹಾಗೆ ತಲೆಯನ್ನೇ ಎತ್ತಲಿಲ್ಲ. ಗಿಟಾರಿನಿಂದ ಬರುವ ವಿದ್ಯುತ್ತು ಅದಕ್ಕೆ ಏನೇನೂ ಸಾಲದು. ನಡುವೆ ಬಲ ಹೆಚ್ಚಿಸುವ ಘಟಕವೊಂದನ್ನು ಹಾಕಿದೆ. ಆಮೇಲೆ ಏಟು ಎಷ್ಟು ಜೋರೆಂದು ಅಳೆಯುವ ಇನ್ನೊಂದನ್ನು. ಏಟಿನ ಜೋರಿಗೆ ತಕ್ಕಂತೆ ಸ್ವರವೂ ಜೋರಾಗುವ ಹಾಗೆ ಮಾಡಿದೆ. ತಂತಿ ಗುಂಯ್‌ಗುಡದಿರಲೆಂದು ಅದರಡಿ ಅತ್ತೆಯ ಹಳೇ ಸೀರೆಯ ಚೂರು ತುರುಕಿದೆ.

"ಹೊಡಿ ಮಾಮ," ಅಂದೆ.

ಹೊಡೆದ. ಹಾಡು ದಿಕ್ಕೆಟ್ಟು ಓಡಿತು. ಶಿಷ್ಯನೇ ವಾಸಿ ಎನ್ನಿಸುವಷ್ಟು ವೇಗ. ಒಂದು ಏಟಿಗೆ ಎರಡೆರಡು ಸ್ವರ.

"ಒಂದ ಸಲ ಹೊಡಿ, ಕೈ ಮ್ಯಾಲೆತ್ತು," ಅಂದೆ. ಮತ್ತೆ ಎರಡು. "ಎತ್ತು ಮಾಮ!"

"ಕತ್ತೀ!" ಎಂದು ಬೈದ ಮಾಮ.

ವೈರುಗಳನ್ನೆಲ್ಲ ಕಿತ್ತು ಚುಚ್ಚಿದೆ. ಪೆಟ್ಟಿಗೆಯನ್ನೂ ಅದನ್ನು ಕಟ್ಟಿದ ಕೈಗಳನ್ನೂ ಶಪಿಸಿದೆ. ಕೊನೆಗೆ ಪೆಟ್ಟಿಗೆ ಬಿಟ್ಟು ಮಾಮನ ಕೈ ನೋಡಿದೆ. ಆ ಕೈ ತಂತಿ ಹೊಡೆಯುತ್ತಿರಲಿಲ್ಲ, ತಿದಿ ಒತ್ತುತ್ತಿತ್ತು. ಮುಂದೆ ಒತ್ತು, ಹಿಂದೆ ಬಿಡು. ವಾಪಸು ಬರುವಾಗಲೂ ತಂತಿಯನ್ನು ಸವರಿಕೊಂಡೇ ಬರುತ್ತಿತ್ತು, ನನ್ನ ಪೆಟ್ಟಿಗೆ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಿತ್ತು. ಆದರೆ ಬಿಡುವ ಸವರು ಯಾವಾಗಲೂ ಮೆತ್ತಗೆ. ಇಷ್ಟು ಜೋರಿದ್ದರೆ ಮಾತ್ರ ಏಟು ಎಂದು ಗುರುತಿಸುವ ಗುಂಡಿಯನ್ನು ಸ್ವಲ್ಪ ಏರಿಸಿದೆ. ಒತ್ತಿದರೆ ಮುಂದಿನ ಸ್ವರ, ಸವರಿದರೆ ಅದೇ ಸ್ವರ ಸಣ್ಣಗೆ ಉಳಿಯಿತು. ಮಾಮ ಇಡೀ ಪಲ್ಲವಿ ಬಾರಿಸಿ ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದ. ಅವಳು "ಸಾಕ್ ಬಿಡ್ರಿ" ಎಂದು ಒಳಗೆ ಹೋದಳು. ಆ ದಿನ ಅವನು ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಸೋಮವಾರ ಸಂಜೆ ಪೆಟ್ಟಿಗೆ, ಗಿಟಾರಿನ ಸಮೇತ ಅವನನ್ನು ಗುಡಿಗೆ ಕರೆದುಕೊಂಡು ಹೋದೆವು. ಶಿಷ್ಯ ಸರಿದು ಜಾಗ ಬಿಟ್ಟ, ಆದರೆ ಪೂರ್ತಿಯಲ್ಲ, ಅರ್ಧ.

"ಇದಕ್ಕೆ ಶ್ರುತಿ ಐತಾ ಮೇಡಂ?" ಎಂದು ನನ್ನನ್ನು ಕೇಳಿದ.

"ನಿನಗಿಂತ ಚಲೋ ಐತಿ," ಅಂದೆ.

ಮಾಮ ಒತ್ತಿದ. ಪೆಟ್ಟಿಗೆಯ ದನಿ ಮೂಗಿನಲ್ಲಿ ಹಾಡುವವರ ಹಾಗಿತ್ತು, ಆದರೂ ಮೇಳ ಹಿಂದೆ ಬಂತು. ತಾಳದವರು ಸೇರಿಕೊಂಡರು. ಸಾಲು ಒಂದು ಸುತ್ತು ಹೋಯಿತು, ಎರಡಾಯಿತು. ಮೂರನೆಯದರಲ್ಲಿ, ಕೊನೆಗೆ ಒಂದೇ ಸ್ವರ ಬಾಕಿ ಇರುವಾಗ, ಹಾಡು ನಿಂತುಬಿಟ್ಟಿತು. ಹಿಂದಿನ ಸ್ವರವೇ ಸಣ್ಣಗೆ ಎಳೆಯುತ್ತಿತ್ತು.

ಗುಂಡಿಯನ್ನು ಅತಿಯಾಗಿ ಏರಿಸಿದ್ದೇನೆ, ಅವನ ಕೈ ಸೋತಿದೆ, ಇಡೀ ಓಣಿಯ ಎದುರು ಅವನ ಮಾನ ತೆಗೆದೆ ಎಂದುಕೊಂಡು ಗುಂಡಿ ಇಳಿಸಲು ಕೈ ಚಾಚಿದೆ. ಮಾಮ ನನ್ನತ್ತ ನೋಡಿ ತಲೆಯಾಡಿಸಿದ. ಬೇಡ.

ಕೈ ಸೋತಿರಲಿಲ್ಲ. ಅದು ಬೇಕೆಂದೇ ಸವರುತ್ತಿತ್ತು, ಒತ್ತುತ್ತಿರಲಿಲ್ಲ. ತಾಳದವರು ಕೈ ಎತ್ತಿ ಹಿಡಿದಿದ್ದರು. ಶಿಷ್ಯ ಕೊನೆಯ ಅಕ್ಷರವನ್ನು ಬಾಯೊಳಗೆ ಇಟ್ಟುಕೊಂಡು ನುಂಗಲೂ ಆಗದೆ ಬಿಡಲೂ ಆಗದೆ ಕೂತಿದ್ದ. ಮಾಮ ಅವಸರವಿಲ್ಲದೆ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದ, ಕೊನೆಗೆ ಹೆಂಗಸರ ಸಾಲಿನಲ್ಲಿದ್ದ ಅತ್ತೆಯನ್ನೂ. ಮನೆಯಲ್ಲಿ ನಾವು ತಿಂಗಳುಗಟ್ಟಲೆ ಅವನ ಬಾಯಿಯ ಮಾತನ್ನು ಅವನಿಗಿಂತ ಮೊದಲೇ ಆಡಿ ಮುಗಿಸುತ್ತಿದ್ದೆವು. ಇಲ್ಲಿ ಯಾರೂ ಅದನ್ನು ಮಾಡುವಂತಿರಲಿಲ್ಲ. ನನಗೆ ಅಳು ಬಂತು, ತಡೆದುಕೊಳ್ಳಲಿಲ್ಲ. ಅವನು ಒತ್ತುವವರೆಗೂ ನಾವೆಲ್ಲ ಬಾಯಿ ತೆರೆದುಕೊಂಡು ಕಾದೆವು.