ಹತ್ತು ಸಹಿಯ ರೈಲು

“ನೀವು ನೀವೇ ಅನ್ನಾಕ ಏನರ ಪುರಾವೆ ಐತೇನ್ರಿ?”

ಇದನ್ನು ನಾನು ಕೇಳಿದ್ದು ಪೊಲೀಸ್ ಠಾಣೆಯಲ್ಲಿ ನಿಂತು ಅಲ್ಲ. ಹಗರಿಬೊಮ್ಮನಹಳ್ಳಿಯ ಒಂದು ಮನೆಯ ಪಡಸಾಲೆಯಲ್ಲಿ, ಅವರೇ ಕೊಟ್ಟ ಚಹಾ ಕುಡಿಯುತ್ತ, ಎಂಬತ್ತು ದಾಟಿದ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರನ್ನು. ಅವರು ಒಳಗೆ ಹೋಗಿ ಪೆನ್ಷನ್ ಪುಸ್ತಕ ತಂದು ಮುಂದಿಟ್ಟರು. ನಾನು ಫೋಟೊ ನೋಡಿದೆ, ಮುಖ ನೋಡಿದೆ, ಮತ್ತೆ ಫೋಟೊ ನೋಡಿದೆ. ಹೊಂದಿತು. ಆಮೇಲಷ್ಟೇ ಚೀಲದಿಂದ ನನ್ನ ರೈಲು ಹೊರಗೆ ಬಂತು.

ರೈಲು ಅಂದರೆ ಮಾಡೆಲ್. ಒಂದು ಕಪ್ಪು ಉಗಿ ಎಂಜಿನ್, ನಾಲ್ಕು ಕೆಂಪು ಬೋಗಿ, ಉದ್ದ ಹೆಚ್ಚೂಕಡಿಮೆ ಎರಡು ಮೊಳ. ಆನ್‌ಲೈನಿನಲ್ಲಿ ತರಿಸಿದ್ದು. ಬೋರ್ಡ್ ಬರೆಯುವವನ ಹತ್ತಿರ ಹೋಗಿ ಬೋಗಿಗಳ ಮೇಲೆ ‘ಕೊಟ್ಟೂರು’ ಅಂತ ಬರೆಸಿದೆ. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ನಾನು ಕಾಲೇಜಿಗೆ ಹೋಗಿಬರುತ್ತಿದ್ದ ಹಳೆಯ, ಸಣ್ಣ ಹಳಿಯ ಮೀಟರ್ ಗೇಜ್ ಗಾಡಿಯ ನೆನಪಿಗೆ. ಆ ಹಳಿ ಕಿತ್ತು ಎಷ್ಟೋ ಕಾಲವಾಯಿತು. ಈಗ ಓಡುವುದು ಅಗಲ ಹಳಿಯ ಬ್ರಾಡ್ ಗೇಜ್ ಗಾಡಿ. ಹಳೇ ಗಾಡಿಯಲ್ಲಿ ದುಡಿದವರು ಇನ್ನೂ ಕೆಲವರಿದ್ದಾರೆ. ಅವರ ಸಹಿಗಳನ್ನೆಲ್ಲ ಈ ಬೋಗಿಗಳ ನೆತ್ತಿಯ ಮೇಲೆ ಹಾಕಿಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ನಮ್ಮೂರ ಗ್ರಂಥಾಲಯಕ್ಕೆ ಕೊಡಬೇಕು. ಆಸೆ ಅಂದರೆ ಅಷ್ಟೇ.

ಗ್ರಂಥಾಲಯದವರು ಖುಷಿಯಿಂದ ಒಪ್ಪಿದರು. ಒಂದು ಪತ್ರ ಮಾತ್ರ ಕೇಳಿದರು. ‘ಇದು ನಮ್ಮ ಮೀಟರ್ ಗೇಜ್ ಗಾಡಿಯ ನಿಜವಾದ ಮಾದರಿ, ಸಹಿಗಳೂ ನಿಜವಾದವು ಎಂದು ದೃಢೀಕರಿಸುತ್ತೇನೆ.’ ಮೊದಲ ವಾರವೇ ಸಹಿ ಹಾಕಿ ಕೊಟ್ಟುಬಿಟ್ಟೆ. ಸಹಿ ಸಂಗ್ರಹ ಶುರುವಾಗಿದ್ದು ಅದರ ನಂತರ.

ಪತ್ರ ಕೊಟ್ಟ ಮೇಲೆ ನಿದ್ದೆ ಬರಬೇಕಲ್ಲ? ‘ನಿಜವಾದ ಸಹಿ’ ಅಂತ ಬರೆದುಕೊಟ್ಟಿದ್ದೇನೆ. ಯಾರಾದರೂ ಕದ್ದು ಗೀಚಿದರೆ? ಅಂದಿನಿಂದ ನನ್ನ ಕಣ್ಣಿಗೆ ಊರಿನವರೆಲ್ಲ ನಕಲಿ ಸಹಿ ಹಾಕಲು ಹೊಂಚುಹಾಕುತ್ತಿರುವ ಹಾಗೆಯೇ ಕಾಣತೊಡಗಿದರು. ಎದುರಿಗೇ ಸಹಿ ಹಾಕಬೇಕು. ಹಾಕುವಾಗ ಫೋಟೊ ತೆಗೆಯಬೇಕು. ಗುರುತಿನ ಚೀಟಿ ತೋರಿಸಬೇಕು. (ನನ್ನ ಹೆಂಡತಿ ಹೇಳಿದ್ದು: “ಅವರೇನು ನಿಮ್ಮ ಹತ್ರ ಸಿಮ್ ಕಾರ್ಡ್ ತಗಳಾಕ ಬಂದಾರೇನ್ರಿ?”)

ಹೀಗೆ ಹತ್ತು ಸಹಿಯಾದವು. ಒಂಬತ್ತು ನನ್ನ ಕಣ್ಣೆದುರಿಗೆ. ಹತ್ತನೆಯದೇ ಮುಳ್ಳು.

ಅದು ಫೈರ್‌ಮನ್ ಹುಲುಗಪ್ಪನವರದು. ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದವರು. ಈಗ ಹಡಗಲಿಯಲ್ಲಿ ಮಗನ ಮನೆಯಲ್ಲಿದ್ದಾರೆ. ನನಗೆ ಮೊಣಕಾಲು ನೋವು. ಹಾಗಾಗಿ ಹಡಗಲಿಯಲ್ಲೇ ಇರುವ ನನ್ನ ಷಡ್ಡಕ ವೀರೇಶನ ಕೈಯಲ್ಲಿ ಒಂದು ಬೋಗಿ ಕೊಟ್ಟು ಕಳಿಸಿದೆ. ಎರಡೇ ದಿನದಲ್ಲಿ ಬೋಗಿ ವಾಪಸ್ ಬಂತು, ಸಹಿ ಸಮೇತ. ಫೋಟೊ ಇಲ್ಲ. ಗುರುತಿನ ಚೀಟಿ ಇಲ್ಲ. ಎಂಬತ್ತರ ಮುದುಕನ ಸಹಿ ಒಂಚೂರೂ ನಡುಗಿಲ್ಲ, ಕೆಳಗೆ ಉದ್ದಕ್ಕೆ ಒಂದು ಗೀಟು ಬೇರೆ! ವೀರೇಶ ಸೋಮಾರಿ ಮನುಷ್ಯ. ಹುಲುಗಪ್ಪನವರ ಮನೆ ಊರಾಚೆ. ಇವನು ಅಲ್ಲಿಗೆ ಹೋದನೋ, ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುತ್ತ ತಾನೇ ಬರೆದನೋ?

ಫೋನು ಮಾಡಿ ಕೇಳಿಯೇಬಿಟ್ಟೆ. ಅವನು ಅಂದ: “ಅಣ್ಣಾ, ನಿಮ್ಮ ಮಗಳ ಮದುವಿ ನಿಂತು ಮಾಡ್ಸಿದಾವ ನಾನು. ಒಂದು ಗೀಟಿಗೆ ನಂಬಿಕಿ ಹೋತೇನ್ರಿ?” ಫೋನು ಇಟ್ಟ. ಮೂರು ವಾರ ಆ ಮನೆಯಿಂದ ಒಂದು ಗುಡ್ ಮಾರ್ನಿಂಗ್ ಮೆಸೇಜೂ ಬರಲಿಲ್ಲ. ಹೆಂಡತಿ ಮತ್ತು ಅವಳ ತಂಗಿಯ ನಡುವೆಯೂ ಮಾತು ಕಡಿಮೆಯಾಯಿತು. ನನಗೆ ಒಳಗೊಳಗೇ ಹೆದರಿಕೆ. ಆದರೂ ಅನುಮಾನ ಹೋಗಲಿಲ್ಲ. ಅನುಮಾನಕ್ಕೆ ಒಂದು ಸಲ ಕುರ್ಚಿ ಕೊಟ್ಟರೆ ಎದ್ದು ಹೋಗುತ್ತದೆಯೇ?

ಹಡಗಲಿಗೇ ಹೋಗಿ ಹುಲುಗಪ್ಪನವರನ್ನು ಕೇಳಿದರೆ ಸುದ್ದಿ ವೀರೇಶನ ಕಿವಿಗೆ ಬೀಳುತ್ತದೆ. ಆಗ ಗಾರ್ಡ್ ಸಾಹೇಬರು ಒಂದು ದಾರಿ ಹೇಳಿದರು. ಕಾನಹೊಸಹಳ್ಳಿಯಲ್ಲಿ ಕೀಮ್ಯಾನ್ ದುರುಗಪ್ಪ ಇದ್ದಾರೆ. ದಿನಾ ಬೆಳಿಗ್ಗೆ ಸುತ್ತಿಗೆ, ಪಾನಾ ಹಿಡಿದು ಹಳಿಯ ಮೇಲೆ ಮೈಲುಗಟ್ಟಲೆ ನಡೆದು, ಸಡಿಲಾದದ್ದನ್ನು ಬಿಗಿ ಮಾಡುತ್ತಿದ್ದವರು. ಹುಲುಗಪ್ಪನವರ ಪಕ್ಕದ ಕ್ವಾರ್ಟರ್ಸಿನಲ್ಲೇ ಇದ್ದವರು. ಸರಿ, ಮೊಣಕಾಲು ನೋವು ಮರೆತು ಹೊರಟೆ. ಒಂದೇ ಪ್ರಯಾಣಕ್ಕೆ ಎರಡು ಕೆಲಸ. ಅವರ ಸಹಿಯೂ ಆಗುತ್ತದೆ, ವೀರೇಶನ ಬಣ್ಣವೂ ಬಯಲಾಗುತ್ತದೆ.

ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿ ಕೂತಾಗ ಕಂಡಕ್ಟರ್ ನನ್ನ ತೊಡೆಯ ಮೇಲಿನ ಪೆಟ್ಟಿಗೆ ನೋಡಿ, “ಏನೈತ್ರಿ ಅದ್ರಾಗ?” ಅಂದ. ರೈಲು ಅಂದೆ. “ಹಂಗಾರ ನೀವ್ಯಾಕ ಬಸ್ ಹತ್ತಿರಿ?” ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. ರೈಲೇ ಬಾರದ ಕೂಡ್ಲಿಗಿಗೆ ರೈಲು ತಂದ ಮೊದಲಿಗ ನಾನೇ ಇರಬೇಕು!

ಕಾನಹೊಸಹಳ್ಳಿಯಲ್ಲಿ ಬಾಗಿಲು ತೆಗೆದದ್ದು ದುರುಗಪ್ಪನವರ ಮಗಳು ಗಂಗಮ್ಮ. ಕೊಟ್ಟೂರಿನ ಮಾಸ್ತರ ಅಂತ ಹೇಳಿಕೊಂಡು, ಬಂದ ಕಾರಣ ಹೇಳಿದೆ. ಆಕೆ ತಲೆ ಅಲ್ಲಾಡಿಸಿದರು.

“ನಮ್ಮಪ್ಪ ಸಹಿ ಅಂದ್ರ ಸುಮ್ನ ಹಾಕಂಗಿಲ್ರಿ ಮಾಸ್ತರ. ರೇಷನ್ ಅಂಗಡ್ಯಾಗ ಹೆಬ್ಬೆಟ್ಟು ಒತ್ತಾಕೂ ಮೊದ್ಲು ಅಕ್ಕಿ ತೂಗಿಸ್ತಾನ.”

ನನಗೆ ಬಹಳ ಸಂತೋಷವಾಯಿತು. ಕಡೆಗೂ ನನ್ನ ಜಾತಿಯ ಮನುಷ್ಯ ಒಬ್ಬ ಸಿಕ್ಕ.

ದುರುಗಪ್ಪನವರು ತೆಳ್ಳಗೆ, ನೆಟ್ಟಗೆ ಇದ್ದರು. ಮೊದಲು ಹತ್ತನೆಯ ಸಹಿ ತೋರಿಸಿದೆ. ಅವರು ಬೋಗಿಯನ್ನು ಕಣ್ಣಿನ ಹತ್ತಿರ ಹಿಡಿದು ನಕ್ಕರು. “ಹುಲುಗಂದಾ. ರಿಟೈರ್ ಆದ ಮ್ಯಾಲ ಎಷ್ಟು ಕಾಗದ ಬರದಾನ ನಂಗ. ಕೆಳಗ ಹಿಂಗಾ ಗೀಟು ಎಳೀತಿದ್ದ. ಗಂಗಾ, ಆ ಡಬ್ಬಿ ತಗಂಬಾ.” ಡಬ್ಬಿಯಲ್ಲಿದ್ದ ಕಾಗದಗಳ ಕೆಳಗೆಲ್ಲ ಅದೇ ಸಹಿ, ಅದೇ ಗೀಟು. ನನ್ನ ಕಿವಿ ಬಿಸಿಯಾದವು. ವೀರೇಶನ ಮುಖ ಕಣ್ಣ ಮುಂದೆ ಬಂತು.

ಅದನ್ನು ನುಂಗಿಕೊಂಡು ಮಾರ್ಕರ್ ಪೆನ್ನು ಮುಂದೆ ಚಾಚಿದೆ. ಅವರು ಪೆನ್ನು ಮುಟ್ಟಲಿಲ್ಲ.

“ಗಾಡಿ ಕೆಳಗಿಡ್ರಿ. ಮೊದ್ಲು ನೋಡ್ಬೇಕು.”

“ಇದು ಆಟಿಗೆ ಸಾಮಾನು, ದುರುಗಪ್ಪನವರ.”

“ಸಹಿ ಆಟಿಗೆದೇನ್ರಿ? ನಮ್ಮ ಕೆಲ್ಸದಾಗ ದಿನಾ ಒಂದು ಪುಸ್ತಕದಾಗ ಸಹಿ ಇತ್ತು, ಲೈನ್ ಸರಿ ಐತಿ ಅಂತ. ಕೆಲವ್ರು ಮುಂಜಾನೆನ ಸಹಿ ಹಾಕಿ, ಆಮ್ಯಾಲ ನಡ್ಯಾಕ ಹೋಗ್ತಿದ್ರು. ನಾ ಒಂದಿನಾನೂ ಹಂಗ ಮಾಡ್ಲಿಲ್ಲ. ನಡದ ಮ್ಯಾಲ ಸಹಿ. ಸಹಿ ಹಾಕಿ ನಡ್ಯಂಗಿಲ್ಲ.”

ನೆಲದ ಮೇಲೆ ರೈಲು ಇಟ್ಟು, ಮಂಡಿಯೂರಿ ಕೂತರು. ಒಂದೊಂದೇ ಗಾಲಿಯನ್ನು ಉಗುರಿನಿಂದ ತಟ್ಟಿದರು. ಬೋಗಿ ಬೋಗಿ ಬಿಡಿಸಿ ಮತ್ತೆ ಜೋಡಿಸಿದರು. ಆಮೇಲೆ ಕಸಬರಿಗೆಯಿಂದ ಒಂದು ಕಡ್ಡಿ ಎಳೆದು, ಒಂದು ಬೋಗಿಯ ಎಡ-ಬಲ ಗಾಲಿಗಳ ನಡುವೆ ಇಟ್ಟು ಅಳತೆಗೆ ಮುರಿದರು. ಅದೇ ತುಂಡನ್ನು ಬೋಗಿಯ ಅಗಲಕ್ಕೆ ಹಿಡಿದರು. ಒಂದು ಸಲ. ಎರಡು ಸಲ. ಅಷ್ಟಕ್ಕೇ ಅಗಲ ಮುಗಿಯಿತು.

“ನಮ್ಮ ಗಾಡಿಗೆ ಎರಡೂವರಿ ಕಡ್ಡೀಗಿಂತ ಜಾಸ್ತಿ ಬರಬೇಕು. ಹಳಿ ಇಷ್ಟ ಸಣ್ಣದು, ಬೋಗಿ ಎರಡೂ ಕಡೆ ಹೊರಗ ಚಾಚಿರ್ತಿತ್ತು. ಇದರ ಗಾಲಿ ಅಂಚಿಗೆ ಬಂದಾವ. ಇದು ಬ್ರಾಡ್ ಗೇಜ್ ಗಾಡಿರಿ ಮಾಸ್ತರ. ನಮ್ದಲ್ಲ.”

ಓದುಗರೇ, ನಾನು ನಿವೃತ್ತ ಡ್ರಾಯಿಂಗ್ ಮಾಸ್ತರ. ಮೂವತ್ತು ವರ್ಷ ಹರಪನಹಳ್ಳಿಯಲ್ಲೂ ಕೊಟ್ಟೂರಿನಲ್ಲೂ ಮಕ್ಕಳಿಗೆ ಅಳತೆ, ಪ್ರಮಾಣ, ಪ್ರಪೋರ್ಷನ್ ಅಂತ ಸ್ಕೇಲಿನಲ್ಲಿ ಬೆರಳಿಗೆ ಹೊಡೆದವನು. ಆ ಗಾಡಿಯಲ್ಲಿ ಎರಡು ವರ್ಷ ಓಡಾಡಿದವನು. ಬೋಗಿಯ ನೆತ್ತಿಯ ಮೇಲಿನ ಸಹಿಗಳಿಗೆ ಭೂತಗನ್ನಡಿ ಹಿಡಿದೆ. ಬೋಗಿ ಮಗುಚಿ ಗಾಲಿ ಒಂದು ಸಲವೂ ನೋಡಲಿಲ್ಲ. ನಾಚಿಕೆಯಾಯಿತು. ಬಹಳ ನಾಚಿಕೆಯಾಯಿತು.

ಹಾಗಾದರೆ ಸಹಿ ಹಾಕುವುದಿಲ್ಲವೇ ಅಂತ ಮೆಲ್ಲಗೆ ಕೇಳಿದೆ. “ನೋಡೀನಲ್ಲ, ಹಾಕ್ತೀನಿ” ಅಂದರು. ಬೋಗಿ ಮಗುಚಿ ಹಾಕಿ, ತಳದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಬರೆದರು: ‘ನೋಡಿದೆ. ನಮ್ಮ ಗಾಡಿ ಅಲ್ಲ. ದುರುಗಪ್ಪ, ಕೀಮ್ಯಾನ್.’ ನಾನು ಗುರುತಿನ ಚೀಟಿ ಕೇಳಲಿಲ್ಲ.

ಮನೆಗೆ ಬಂದವನೇ ವೀರೇಶನಿಗೆ ಫೋನು ಮಾಡಿ ತಪ್ಪಾಯಿತು ಅಂದೆ. “ಇರ್ಲಿ ಬಿಡ್ರಿ ಅಣ್ಣಾ” ಅಂದ. ಮರುದಿನ ಬೆಳಿಗ್ಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಬಂತು. ಇಷ್ಟು ವರ್ಷದಲ್ಲಿ ಆ ಮೆಸೇಜನ್ನು ನಾನು ಪೂರ್ತಿ ಓದಿದ್ದು ಅಂದೇ.

ಗಾರ್ಡ್ ಸಾಹೇಬರಿಗೂ ಫೋನು ಮಾಡಿದೆ. ಇದು ನಮ್ಮ ಗಾಡಿ ಅಲ್ಲ ಅಂತ ನಿಮಗೆ ಗೊತ್ತಾಗಲಿಲ್ಲವೇ?

“ಕಂಡ ಕೂಡ್ಲೇ ಗೊತ್ತಾತ್ರಿ. ನೀವು ನನ್ನ ಪುಸ್ತಕ ಕೇಳಿದ್ರಿ, ತೋರಿಸ್ದೆ. ಗಾಡಿ ಹೆಂಗೈತಿ ಅಂತ ಕೇಳ್ಲೇ ಇಲ್ಲ. ಅಷ್ಟು ಆಸೆಪಟ್ಟು ಹೊತ್ಕಂಡು ಬಂದೀರಿ, ನಾ ಯಾಕ ಮನಸು ನೋಯಿಸ್ಲಿ?”

ಉಳಿದವರಿಗೆ ಫೋನು ಮಾಡುವ ಧೈರ್ಯ ಬರಲಿಲ್ಲ. ಅವರೂ ಹೀಗೇ ನನ್ನ ಮೇಲೆ ಕರುಣೆ ತೋರಿಸಿದವರೇ ಇರಬೇಕು. ನಾನು ಅವರ ಮುಖವನ್ನು ಫೋಟೊಕ್ಕೆ ಹೊಂದಿಸಿ ನೋಡುತ್ತಿದ್ದಾಗ ಅವರು ನನ್ನ ರೈಲಿನ ಗಾಲಿ ನೋಡಿ ಸುಮ್ಮನಾಗಿದ್ದಾರೆ. ಹತ್ತೂ ಸಹಿ ಅಪ್ಪಟ. ಹನ್ನೊಂದನೆಯದು ಅದಕ್ಕಿಂತ ಅಪ್ಪಟ.

ಗಾಜಿನ ಪೆಟ್ಟಿಗೆ ಸಿದ್ಧವಾಗಿದೆ. ನಾನು ಬರೆದುಕೊಟ್ಟ ಪತ್ರವನ್ನೂ ಗ್ರಂಥಾಲಯದವರು ಫ್ರೇಮ್ ಹಾಕಿಸಿ ಪಕ್ಕದಲ್ಲೇ ನೇತುಹಾಕುತ್ತಾರಂತೆ. ನಾಳೆ ಗ್ರಂಥಾಲಯಕ್ಕೆ ಹೋಗಬೇಕು, ರೈಲು ಇಡುವುದಕ್ಕಲ್ಲ, ಪತ್ರ ವಾಪಸ್ ತರುವುದಕ್ಕೆ. ಇಷ್ಟು ಊರು ಸುತ್ತಿ, ಇಷ್ಟು ಜನರನ್ನು ಶಂಕಿಸಿ, ಕೊನೆಗೂ ಸಿಕ್ಕ ಒಂದೇ ಒಂದು ಸುಳ್ಳು ಸಹಿ ಆ ಪತ್ರದ ಕೆಳಗಿದೆಯಲ್ಲ?